ಮಹನೀಯರ ತಾರತಮ್ಯ

ನಾಡಿನ ಅತ್ಯಂತ ದೊಡ್ಡ ವ್ಯಕ್ತಿ ಯಾರು ಎಂಬ ಪ್ರಶ್ನೆಯನ್ನು ತರಗತಿಯಲ್ಲಿ ಒಮ್ಮೆಯಾದರೂ ಕೇಳದ ಉಪಾಧ್ಯಾಯರು ವಿರಳ. ಮಕ್ಕಳು ಉತ್ಸಾಹದಿಂದ ಕೈಯೆತ್ತುತ್ತಾರೆ. ಒಬ್ಬೊಬ್ಬರದು ಒಂದೊಂದು ಹೆಸರು. ಗಂಟೆ ಬಾರಿಸಿದರೂ ವಾದ ಮುಗಿಯುವುದಿಲ್ಲ. ಈ ವಾದವನ್ನು ಮತಗಣನೆಯಿಂದಲೇ ತೀರ್ಮಾನಿಸಬಹುದೆಂಬ ಭಾವನೆ ಈಗ ಹಲವು ದೇಶಗಳಲ್ಲಿ ಹಬ್ಬಿದೆ. ಇದಕ್ಕೆ ಮೇಲ್ಪಂಕ್ತಿ ಹಾಕಿದುದು ಬ್ರಿಟನ್ನಿನ ಬಿ.ಬಿ.ಸಿ. ಸಂಸ್ಥೆ. 2002ರಲ್ಲಿ ಅದು ಪ್ರೇಕ್ಷಕರ ಮತವನ್ನು ಪಡೆದು ನೂರು ಮಂದಿ ಶ್ರೇಷ್ಠ ಬ್ರಿಟನ್ನರನ್ನು ಸಾಲಾಗಿ ನಿಲ್ಲಿಸಿತು. ಮೊದಲನೆಯ ಸ್ಥಾನ ಚರ್ಚಿಲ್ಲರಿಗೆ. ಎರಡನೆಯದು ರೈಲುದಾರಿ, ಸೇತುವೆ, ಹಡಗುಗಳನ್ನು ಕಟ್ಟಿದ ಎಂಜಿನಿಯರ್ ಬ್ರೂನೆಲ್ಲನಿಗೆ. ಮೂರನೆಯದು ರಾಜಕುಮಾರಿ ಡಯಾನಾಳಿಗೆ. ಡಾರ್ವಿನ್ನನೂ ಷೇಕ್ಸ್‌ಪಿಯರನೂ ಅವಳ ಅನಂತರ.

ಇಂಥ ಪಟ್ಟಿಗಳಿಂದ ಲಾಭವೇ ಇಲ್ಲವೆಂದು ನಾವು ಹೇಳಲಾರೆವು. ಬ್ರೂನೆಲ್ಲನ ಹೆಸರನ್ನೇ ಅರಿಯದಿದ್ದವರು ಈ ನೆವದಿಂದ ಅವನ ಕೆಲಸವನ್ನು ಅರಿತಿದ್ದರೆ ಅದು ಒಳ್ಳೆಯದೇ. ನಮ್ಮ ಆಕ್ಷೇಪವಿರುವುದು ಹೆಸರುಗಳ ಸ್ಮರಣೆಗಲ್ಲ, ಒಂದು ಎರಡು ಮೂರು ಎಂಬ ಅಂಕಿಗೆ. ಹಿಂದೆ ಅಕ್ಕಿಯನ್ನು ಸೇರಿನಿಂದ ಅಳೆಯುತ್ತಿದ್ದೆವು, ಬಟ್ಟೆಯನ್ನು ಮೊಳದಿಂದ ಅಳೆಯುತ್ತಿದ್ದೆವು. ಅಕ್ಕಿ ಹೆಚ್ಚೋ ಬಟ್ಟೆ ಹೆಚ್ಚೋ ಎಂದು ಕೇಳಿದರೆ ಅಂಗಡಿಯವನು ನಕ್ಕಾನು. ಜೀವಸೃಷ್ಟಿಯ ವಿಚಾರದಲ್ಲಿ ಮನುಷ್ಯನ ತಿಳಿವಳಿಕೆಯನ್ನೇ ಬದಲಿಸಿದ ಗ್ರಂಥಕ್ಕೂ ಒಬ್ಬ ರಾಜಕುಮಾರಿಯ ಅಕಾಲಮರಣ ಜನಮನದಲ್ಲಿ ಎಬ್ಬಿಸಿದ ಶೋಕಕ್ಕೂ ಸಾಮಾನ್ಯವಾದ ಅಳತೆಗೋಲು ಯಾವುದು? ಅಂಥದೊಂದು ಇಲ್ಲವಾದಾಗ, ಅಳೆಯಲ್ಪಡುವುದು ಹಿರಿಮೆಯಲ್ಲ. ಮತ ಹಾಕಿದವರ ಆ ಹೊತ್ತಿನ ಮನಸ್ಸು.

ಪೋರ್ಚುಗಲ್ಲಿನಲ್ಲಿ ನಡೆದುದು ಇನ್ನೂ ವಿಚಾರಾರ್ಹವಾಗಿದೆ. ಅಲ್ಲಿ 2007ರಲ್ಲಿ ಶೇಕಡ 41ರಷ್ಟು ಮತ ಪಡೆದು ಮೊದಲಿಗನಾದವನು ಸಲಾಜಾರ್. 1932ರಿಂದ 1968ರವರೆಗೆ ಆ ದೇಶವನ್ನು ಬಿಗಿಮುಷ್ಟಿಯಲ್ಲಿ ಆಳಿದ ಸರ್ವಾಧಿಕಾರಿ. ಶೇಕಡ 19ರಷ್ಟು ಮತ ಪಡೆದು ಎರಡನೆಯವನಾದವನು ಆಲ್ವಾರು ಕುನ್ಯಾಲ್. ಅದೇ ಆಡಳಿತ ಸೆರೆಯಲ್ಲಿಟ್ಟಿದ್ದ, 1960ರಲ್ಲಿ ಸೆರೆಯಿಂದ ತಪ್ಪಿಸಿಕೊಂಡ ಕಮ್ಯೂನಿಸ್ಟ್ ನಾಯಕ. ಶೇಕಡ 13ರಷ್ಟು ಮತ ಪಡೆದು ಮೂರನೆಯವನಾದವನು ಸೌಜ ಮೆಂಡಿಸ್. 1940ರಲ್ಲಿ ಫ್ರಾನ್ಸಿನ ಬೋರ್ಡೋ ನಗರದಲ್ಲಿ ರಾಯಭಾರದ ಅಧಿಕಾರಿಯಾಗಿದ್ದು, ಸಲಾಜಾರನ ಆಜ್ಞೆಯನ್ನು ಮೀರಿ ಯೆಹೂದ್ಯರೇ ಮೊದಲಾದ ನಿರಾಶ್ರಿತರಿಗೆ ವೀಸಾ ಬರೆದುಕೊಟ್ಟವನು. ಆ ತಪ್ಪಿಗಾಗಿ ಹುದ್ದೆಯನ್ನು ಕಳೆದುಕೊಂಡು 1954ರಲ್ಲಿ ಬಡತನದಲ್ಲಿ ತೀರಿಕೊಂಡನು. ದಂಡಿಸಿದವನು ಮೇಲೆ, ದಂಡನೆಗೆ ಒಳಗಾದವರಿಬ್ಬರು ಕೆಳಗೆ. ಮೂವರೂ ಒಂದೇ ಪಟ್ಟಿಯಲ್ಲಿ ಶ್ರೇಷ್ಠರು! ಒಬ್ಬನನ್ನು ಶ್ರೇಷ್ಠನೆಂದ ಬಾಯಿ ಮತ್ತೊಬ್ಬನನ್ನು ಹಾಗೆನ್ನುವುದು ಕಷ್ಟ. ಒಂದು ದೇಶದ ಆರದ ಜಗಳವನ್ನೇ ಈ ಪಟ್ಟಿ ಅದರ ಹೆಮ್ಮೆಯೆಂದು ತೋರಿಸಿತು.

ನಮ್ಮ ದೇಶದಲ್ಲಿಯೂ 2012ರಲ್ಲಿ ಈ ಪ್ರಯತ್ನ ನಡೆಯಿತು. ಗಾಂಧೀಜಿಯವರನ್ನು ಆರಂಭದಲ್ಲಿಯೇ ಸ್ಪರ್ಧೆಯ ಹೊರಗಿಟ್ಟು, ಅವರ ಅನಂತರದ ಶ್ರೇಷ್ಠ ಭಾರತೀಯ ಯಾರೆಂದು ಕೇಳಲಾಯಿತು. ಒಬ್ಬರನ್ನು ಬಿಟ್ಟಲ್ಲದೆ ಸ್ಪರ್ಧೆಯೇ ನಡೆಯದೆಂದರೆ ಆ ವಿಧಾನದ ದೌರ್ಬಲ್ಯವನ್ನು ನಡೆಸಿದವರೇ ಒಪ್ಪಿಕೊಂಡಂತಾಯಿತು. ಅಂಬೇಡ್ಕರರು ಮೊದಲಿಗರಾದರು. ಅವರ ಹಿರಿಮೆ ಆ ಮತಗಳಿಂದ ಬಂದುದಲ್ಲ. ಸಂವಿಧಾನದ ವಿಧಿಗಳಲ್ಲಿಯೂ, ತಲೆಯೆತ್ತಿ ನಡೆಯಲು ಅವರಿಂದ ಧೈರ್ಯ ಪಡೆದ ಕೋಟ್ಯಂತರ ಜನರ ಬಾಳಿನಲ್ಲಿಯೂ ಅದು ಮೊದಲೇ ನೆಲೆಗೊಂಡಿತ್ತು.

ಇನ್ನು, ಗಡಿನಾಡಿನವರಾದ ನಮಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ: 'ನಾಡು' ಎಂದರೆ ಯಾರು? ಬೆಲ್ಜಿಯಂ ದೇಶದಲ್ಲಿ 2005ರಲ್ಲಿ ಇದಕ್ಕೆ ಒಂದೇ ಉತ್ತರ ದೊರೆಯಲಿಲ್ಲ. ಡಚ್ ನುಡಿಯ ಪ್ರಸಾರಸಂಸ್ಥೆ ಒಂದು ಪಟ್ಟಿಯನ್ನೂ ಫ್ರೆಂಚ್ ನುಡಿಯ ಸಂಸ್ಥೆ ಇನ್ನೊಂದನ್ನೂ ಮಾಡಿದುವು. ಡಚ್ ನುಡಿಯವರು ಮೊಲೊಕಾಯಿ ದ್ವೀಪದಲ್ಲಿ ಕುಷ್ಠರೋಗಿಗಳ ಸೇವೆ ಮಾಡಿ ಅದೇ ರೋಗದಿಂದ 1889ರಲ್ಲಿ ಮಡಿದ ಪಾದ್ರಿ ಡೇಮಿಯನ್ನನನ್ನು ಮೊದಲು ನಿಲ್ಲಿಸಿದರು. ಫ್ರೆಂಚ್ ನುಡಿಯವರು ಗಾಯಕ ಜಾಕ್ ಬ್ರೆಲ್ಲನನ್ನು. ದೇಶ ಒಂದು, ಪಟ್ಟಿ ಎರಡು.

ಈ ಸಂಗತಿ ನಮಗೆ ಹೊಸದಲ್ಲ. ಆದಿಕವಿ ಪಂಪನನ್ನೇ ನೋಡೋಣ. ಅವನ ಪೂರ್ವಿಕರು ವೆಂಗಿನಾಡಿನವರು. ಅವನಿಗೆ ಆಶ್ರಯವಿತ್ತ ಅರಿಕೇಸರಿಯ ವೇಮುಲವಾಡ ಈಗಿನ ತೆಲಂಗಾಣದಲ್ಲಿದೆ. ತಮ್ಮನಾದ ಜಿನವಲ್ಲಭನ ಕುರಿಕ್ಯಾಲ ಶಾಸನವೂ ಅಲ್ಲಿಯದೇ. ಅದರಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಇವೆ. ಇಂದಿನ ಭೂಪಟವನ್ನು ಹಿಡಿದು ಪಟ್ಟಿ ಮಾಡುವವನು ಪಂಪನನ್ನು ಯಾವ ಕಾಲಮ್ಮಿನಲ್ಲಿ ಬರೆದಾನು? ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ. ಕಾವ್ಯದ ಮಾತು ಕನ್ನಡ. ಅವರನ್ನು 1949ರಲ್ಲಿ ರಾಷ್ಟ್ರಕವಿಯೆಂದು ಗೌರವಿಸಿದುದು ಮದರಾಸು ಸರಕಾರ. 1956ರ ನವೆಂಬರ್ 1ರಿಂದ ಅವರ ಊರು ಕೇರಳಕ್ಕೆ ಸೇರಿತು. 1963ರಲ್ಲಿ ತೀರಿಕೊಳ್ಳುವವರೆಗೂ ಅವರು ಅದೇ ಕವಿಯಾಗಿದ್ದರು. ಬದಲಾದುದು ಗಡಿಯ ಗೆರೆ ಮಾತ್ರ. ಕ್ರಿಸ್ತನ ಕಡೆಯ ದಿನವನ್ನು 'ಗೊಲ್ಗೊಥಾ'ದಲ್ಲಿಯೂ ಬುದ್ಧನ ಕಡೆಯ ದಿನವನ್ನು 'ವೈಶಾಖಿ'ಯಲ್ಲಿಯೂ ಕಂಡರಿಸಿದ ಕವಿಯನ್ನು ಒಂದು ರಾಜ್ಯದ ಪಟ್ಟಿಗೆ ಸೇರಿಸುವುದೆಂತು, ಬಿಡುವುದೆಂತು?

ಬಿರುದುಗಳ ಪೈಪೋಟಿ ನಮ್ಮ ಪರಂಪರೆಯಲ್ಲಿ ಇರಲಿಲ್ಲವೆಂದಲ್ಲ; ಕವಿಚಕ್ರವರ್ತಿಗಳೆನಿಸಿಕೊಂಡವರು ಹಲವರು. ಆದರೂ ಪಂಪ, ಪೊನ್ನ, ರನ್ನರನ್ನು ರತ್ನತ್ರಯವೆಂದು ಕರೆದಾಗ ಹಿಂದಿನವರು ಮೂರು ರತ್ನಗಳನ್ನು ಒಟ್ಟಿಗೆ ಇಟ್ಟರು. ಒಂದನ್ನು ಇನ್ನೊಂದರ ತಲೆಯ ಮೇಲೆ ಇಡಲಿಲ್ಲ. ಈ ವಿವೇಕ ನಮ್ಮ ಪಾಠದಲ್ಲಿ ಉಳಿಯಬೇಕು. ಗಡಿಯ ಶಾಲೆಯ ಮಗು ಒಂದು ರಾಜ್ಯದ ಪಠ್ಯವನ್ನು ಓದುತ್ತದೆ, ಇನ್ನೊಂದು ರಾಜ್ಯದ ಪತ್ರಿಕೆಯನ್ನು ಮನೆಯಲ್ಲಿ ಕಾಣುತ್ತದೆ. ಎರಡು ಪಟ್ಟಿಗಳ ನಡುವೆ ತನ್ನ ಊರಿನ ಹಿರಿಯರು ಎಲ್ಲಿಯೂ ಇಲ್ಲವೆಂದು ಅದಕ್ಕೆ ತೋರಿದರೆ ಆ ನಷ್ಟವನ್ನು ತುಂಬುವವರು ಯಾರು?

ಆದುದರಿಂದ ಉಪಾಧ್ಯಾಯ ಬಂಧುಗಳಲ್ಲಿ ನಮ್ಮ ಅರಿಕೆ ಇಷ್ಟೆ. ಯಾರು ದೊಡ್ಡವರು ಎಂಬ ಪ್ರಶ್ನೆಯನ್ನು ಮಕ್ಕಳಿಗೆ ಕೇಳೋಣ. ಉತ್ತರಕ್ಕೆ ಅಂಕಿ ಹಾಕದಿರೋಣ. ಅವರು ಏನು ಮಾಡಿದರು, ಯಾರಿಗಾಗಿ ಮಾಡಿದರು, ಅದಕ್ಕೆ ಏನನ್ನು ತೆತ್ತರು, ಯಾವ ಯಾವ ನುಡಿಗಳ ಜನರಿಗೆ ಅವರು ಬೇಕಾದವರು ಎಂದು ಮುಂದೆ ಕೇಳೋಣ. ಆಗ ಸೌಜ ಮೆಂಡಿಸನಂಥವನು ಮೂರನೆಯವನಾಗಿ ಉಳಿಯುವುದಿಲ್ಲ. ಮಂಜೇಶ್ವರದ ಕವಿಯೂ ಗೆರೆಯ ಆಚೆಯವರಾಗುವುದಿಲ್ಲ.