ಒಂದು ಸೈಜ್ ದೊಡ್ಡದೇ ಇರಲಿ

ನಮ್ಮ ಮನೆಯಲ್ಲಿ ಬಟ್ಟೆಗೆ ಒಂದೇ ನಿಯಮ: ಒಂದು ಸೈಜ್ ದೊಡ್ಡದೇ ಇರಲಿ. ಟಿ.ಬಿ. ಡ್ಯಾಂ ಕ್ವಾರ್ಟರ್ಸಿನಲ್ಲಿ ಬೆಳೆದ ನನ್ನ ಯೂನಿಫಾರ್ಮು ಯಾವತ್ತೂ ಆ ವರ್ಷದ್ದಾಗಿರಲಿಲ್ಲ, ಮುಂದಿನ ವರ್ಷದ್ದಾಗಿರುತ್ತಿತ್ತು. ಪ್ಯಾಂಟಿನ ಅಂಚನ್ನ ಒಳಕ್ಕೆ ಮಡಚಿ ಹೊಲಿಸೋದು, ಪ್ರತಿ ಜೂನಿಗೆ ಒಂದಿಂಚು ಬಿಚ್ಚೋದು. ಬಿಗಿ ಬಟ್ಟೆ ಅಂದ್ರೆ ದುಡ್ಡು ದಂಡ.

ಅದೇ ಲೆಕ್ಕದಲ್ಲಿ ಬೆಂಗಳೂರಿನಲ್ಲಿ ನನ್ನ ಮೊದಲ ರೈಡಿಂಗ್ ಜಾಕೆಟ್ ಕೊಂಡೆ. ಎಂ ಸೈಜು ಎದೆಗೆ ಸ್ವಲ್ಪ ಬಿಗಿ ಅನ್ನಿಸ್ತು. ಅಂಗಡಿಯ ಹುಡುಗ, "ಎಲ್ ತಗೊಳ್ಳಿ ಸರ್, ಒಳಗೆ ಸ್ವೆಟರ್ ಹಾಕ್ಕೋಬಹುದು" ಅಂದ. ಹೊಸಪೇಟೆಯವನಿಗೆ ಸ್ವೆಟರ್ ಯಾಕೆ ಅಂತ ಆಗ ಹೊಳೀಲಿಲ್ಲ. ಕನ್ನಡಿ ಮುಂದೆ ನಿಂತು ನೋಡಿಕೊಂಡೆ. ಚೆನ್ನಾಗೇ ಕಾಣ್ತಿದ್ದೆ.

2024ರ ಜುಲೈನಲ್ಲಿ ಊರಿಗೆ ಬಂದವನು ಒಂದು ಬೆಳಿಗ್ಗೆ ಸಂಡೂರಿಗೆ ಹೊರಟೆ. ಸಣ್ಣ ಹನಿ ಬಿದ್ದಿತ್ತು. ಆ ಕಡೆ ಓಡಾಡಿದವರಿಗೆ ಗೊತ್ತು, ಅದಿರು ಲಾರಿಗಳು ಉದುರಿಸಿ ಹೋದ ಕೆಂಪು ಧೂಳಿಗೆ ನಾಲ್ಕು ಹನಿ ನೀರು ಸೇರಿದ್ರೆ ರಸ್ತೆ ಬೆಣ್ಣೆ. ಒಂದು ತಿರುವಿನಲ್ಲಿ ಮುಂದಿನ ಚಕ್ರ ಜಾರಿತು. ವೇಗ ನಲವತ್ತೂ ಇರಲಿಲ್ಲ. ಎಡ ಮೊಣಕೈ ಮೊದಲು ನೆಲಕ್ಕೆ ಬಡಿಯಿತು.

ಎದ್ದು ನೋಡಿದಾಗ ಜಾಕೆಟ್ ಒಂದು ದಾರವೂ ಕಿತ್ತಿರಲಿಲ್ಲ. ಮೊಣಕೈ ಮೂಳೆ ಮಾತ್ರ ಬಿರುಕು ಬಿಟ್ಟಿತ್ತು. ಜಾಕೆಟಿನೊಳಗಿನ ಆರ್ಮರ್, ಅಂದ್ರೆ ಮೊಣಕೈಗೆ ಅಂತಲೇ ಇಟ್ಟ ಆ ಗಟ್ಟಿ ಬಟ್ಟಲು, ಸಡಿಲ ತೋಳಿನೊಳಗೆ ಸುತ್ತಿಕೊಂಡು ಕೈಯ ಒಳಮಗ್ಗುಲಿಗೆ ಹೋಗಿ ಕೂತಿತ್ತು. ನಾನು ಬಿದ್ದಾಗ ಅದು ನನ್ನ ನಾಡಿ ಕಾಯ್ತಾ ಇತ್ತು.

ಆರು ವಾರ ಕೈ ಜೋಳಿಗೆಯಲ್ಲಿ. ಅದೇ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿ ಹೋಯಿತು. ಆ ವಾರ ನಮ್ಮೂರಲ್ಲಿ ಟೀ ಅಂಗಡಿ ತುಂಬ ಅಳತೆಯದೇ ಮಾತು. ಅರವತ್ತಡಿ ಅಗಲ, ಇಪ್ಪತ್ತಡಿ ಎತ್ತರದ ಕಂಡಿಗೆ ಹರಿಯೋ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಬೇಕು, ಒಂದಿಂಚು ಹೆಚ್ಚುಕಮ್ಮಿ ಆದ್ರೂ ಕೂರಲ್ಲ ಅಂತ. ನಾನೂ ತಲೆ ಅಲ್ಲಾಡಿಸ್ತಾ ಕೇಳ್ತಿದ್ದೆ. ನನ್ನ ಜಾಕೆಟಿಗೆ ಅಷ್ಟು ಯೋಚನೆ ಯಾರೂ ಮಾಡಿರಲಿಲ್ಲ, ನಾನೂ ಸೇರಿ.

ಮಲಗಿದಲ್ಲೇ ಯೂಟ್ಯೂಬಿನಲ್ಲಿ ಜಾಕೆಟ್ ವಿಮರ್ಶೆಗಳನ್ನ ಸಾಲಾಗಿ ನೋಡಿದೆ. ಬೇಕಾದಷ್ಟು ಬಿಡುವಿತ್ತಲ್ಲ. ನಾನು ನೋಡಿದ ಹೆಚ್ಚುಕಮ್ಮಿ ಎಲ್ಲದರಲ್ಲೂ ಒಂದೇ ದೃಶ್ಯ: ವಿಮರ್ಶಕ ನಿಂತಿರ್ತಾನೆ. ಜಿಪ್ ಎಳೀತಾನೆ, ಜೇಬು ಎಣಿಸ್ತಾನೆ, ಒಳಗಿನ ಮಳೆ ಲೈನರ್ ತೆಗೆದು ತೋರಿಸ್ತಾನೆ, ಕೊನೆಗೆ "ಫಿಟ್ಟಿಂಗ್ ಟ್ರೂ ಟು ಸೈಜ್" ಅಂತಾನೆ. ಯಾರ ಸೈಜಿಗೆ ಟ್ರೂ? ಬೈಕಿನ ಮೇಲೆ ಕೂತಾಗ ತೋಳು ಎಷ್ಟು ಮೇಲೇರುತ್ತೆ, ಬೆನ್ನು ಬಗ್ಗಿದಾಗ ಸೊಂಟದ ಹತ್ತಿರ ಎಷ್ಟು ಚರ್ಮ ಕಾಣುತ್ತೆ, ಆರ್ಮರ್ ಹಿಡಿದು ತಿರುಗಿಸಿದ್ರೆ ತಿರುಗುತ್ತಾ, ಇದು ಯಾವುದೂ ಇಲ್ಲ. ಸವಾರಿಯ ಬಟ್ಟೆಯನ್ನ ಮದುವೆ ಸೂಟಿನ ಥರ ವಿಮರ್ಶೆ ಮಾಡೋದೇ ನನ್ನ ತಕರಾರು. ಇದು ನಿಲ್ಲೋಕೆ ಹೊಲಿದ ಬಟ್ಟೆ ಅಲ್ಲ. ಕೂರೋಕೆ ಮತ್ತು ಬೀಳೋಕೆ ಹೊಲಿದದ್ದು. ನಿಂತಾಗ ಸ್ವಲ್ಪ ವಿಚಿತ್ರವಾಗೇ ಇರಬೇಕು. ಒಳ್ಳೆ ರೈಡಿಂಗ್ ಪ್ಯಾಂಟಿನಲ್ಲಿ ನಿಂತಾಗ ಮಂಡಿಯ ಆರ್ಮರ್ ಒಂಚೂರು ಕೆಳಗೆ ಇರುತ್ತೆ. ಕೂತು ಮಂಡಿ ಮಡಚಿದಾಗ ಮೇಲೆ ಬಂದು ಸರಿಯಾಗಿ ಚಿಪ್ಪಿನ ಮೇಲೆ ಕೂರುತ್ತೆ. ಕನ್ನಡಿ ಮುಂದೆ ನಿಂತು, "ಇದು ಉದ್ದ ಆಯ್ತು" ಅಂತ ವಾಪಸ್ ಕೊಟ್ಟವರು ಎಷ್ಟು ಜನರೋ.

ಇನ್ನು ಲೇಬಲ್ ಪುರಾಣ. ಈಗ ನಮ್ಮಲ್ಲಿ ಮಾರೋ ಒಳ್ಳೆ ಜಾಕೆಟ್‌ಗಳ ಮೇಲೆ ಯುರೋಪಿನ ಇಎನ್ 17092 ಮಾನದಂಡದ ಎ, ಎಎ, ಎಎಎ ದರ್ಜೆ ಇರುತ್ತೆ. ಆರ್ಮರ್ ಮೇಲೆ ಇಎನ್ 1621. ಮೊಣಕೈ, ಮಂಡಿಯ ಆರ್ಮರ್ ಲೆವೆಲ್ 1 ಆಗಬೇಕಾದ್ರೆ ಪೆಟ್ಟು ಬಿದ್ದಾಗ ಒಳಗೆ ದಾಟೋ ಬಲ ಸರಾಸರಿ 35 ಕಿಲೋನ್ಯೂಟನ್ ಮೀರಬಾರದು, ಲೆವೆಲ್ 2 ಆದ್ರೆ 20. ನಾವು ಐಟಿ ಜನ ಇಂಥ ಅಂಕಿ ಕಂಡ್ರೆ ಎಕ್ಸೆಲ್ ಶೀಟ್ ತೆರೀತೀವಿ. ನಾನೂ ತೆರೆದಿದ್ದೆ, ನನ್ನದು ಲೆವೆಲ್ 2. ಬಟ್ಟೆ ಎಷ್ಟು ಉಜ್ಜಿದ್ರೆ ಹರಿಯುತ್ತೆ, ಹೊಲಿಗೆ ಎಷ್ಟಕ್ಕೆ ಬಿಚ್ಚುತ್ತೆ ಅನ್ನೋದನ್ನ ಲ್ಯಾಬು ಹೇಳಬಲ್ಲದು. ಅದು ನನ್ನ ಮೊಣಕೈ ಮೇಲೆ ಉಳಿಯುತ್ತಾ ಅಂತ ನಾನೇ ನೋಡಬೇಕಿತ್ತು. ಜಾಗದಲ್ಲಿ ಕೂತ ಲೆವೆಲ್ 1, ಜಾರಿ ಹೋದ ಲೆವೆಲ್ 2ಕ್ಕಿಂತ ಎಷ್ಟೋ ವಾಸಿ.

ಕಾನೂನು ಕೇಳೋದು ಹೆಲ್ಮೆಟ್ ಒಂದನ್ನೇ. 2021ರ ಜೂನ್ 1ರಿಂದ ಐಎಸ್‌ಐ ಮುದ್ರೆ ಇಲ್ಲದ ಹೆಲ್ಮೆಟ್ ಮಾರೋ ಹಾಗಿಲ್ಲ. ಒಳ್ಳೇದೇ. ಆದ್ರೆ ಆ ಮುದ್ರೆಗೆ ನಿಮ್ಮ ತಲೆ ಗೊತ್ತಿಲ್ಲ. ಅಳತೆ ಹೀಗೆ: ಹುಬ್ಬಿನ ಸ್ವಲ್ಪ ಮೇಲಿಂದ ಹಿಂದಲೆಯ ಉಬ್ಬಿನ ಸುತ್ತ ಟೇಪ್ ಹಿಡೀಬೇಕು. ಹೊಸ ಹೆಲ್ಮೆಟ್ ಹಾಕಿಕೊಂಡಾಗ ಎರಡೂ ಕೆನ್ನೆ ಒತ್ತಿ, ಬಾಯಲ್ಲಿ ಮೈಸೂರು ಬೋಂಡಾ ಇಟ್ಟುಕೊಂಡ ಹಾಗೆ ಕಾಣಬೇಕು. ಒಳಗಿನ ಪ್ಯಾಡು ದಿನ ಕಳೆದಂತೆ ಕುಗ್ಗುತ್ತೆ, ಅದಕ್ಕೇ. ಹಿಡಿದು ಅಲ್ಲಾಡಿಸಿದ್ರೆ ಹೆಲ್ಮೆಟ್ ಜೊತೆ ಕೆನ್ನೆಯ ಚರ್ಮವೂ ಅಲ್ಲಾಡಬೇಕು. ಪಟ್ಟಿ ಬಿಗಿದು ಹಿಂದಿನಿಂದ ಮೇಲಕ್ಕೆತ್ತಿದ್ರೆ ಕಳಚಿ ಬರಬಾರದು. ಅರ್ಧ ಗಂಟೆ ಹಾಕ್ಕೊಂಡೇ ಅಂಗಡಿಯಲ್ಲಿ ಓಡಾಡಿ, ಅಂಗಡಿಯವರು ನೋಡಿದ್ರೆ ನೋಡಲಿ. ಹಣೆ ಮಧ್ಯೆ ಕೆಂಪು ಗುರುತು ಬಿದ್ದು ನೋವಾದ್ರೆ ಸೈಜಲ್ಲ, ಆಕಾರವೇ ಬೇರೆ ಅಂತ ಅರ್ಥ. ಉದ್ದ ತಲೆಗೆ ಗುಂಡು ಹೆಲ್ಮೆಟ್ ಹಾಕಿದ್ದೀರಿ. ಆಗ ಇನ್ನೊಂದು ಸೈಜ್ ದೊಡ್ಡದು ತಗೊಳ್ಳೋದಲ್ಲ, ಇನ್ನೊಂದು ಕಂಪನಿಯದು ನೋಡಬೇಕು. ಬೆಳಗಾವಿಯ ವೇಗಾ, ಫರೀದಾಬಾದಿನ ಸ್ಟಡ್ಸ್, ಒಬ್ಬೊಬ್ಬರ ಅಚ್ಚೂ ಒಂದೊಂದು ಥರ.

ತಂಗಿಯ ಕಥೆ ಇನ್ನೂ ಕಷ್ಟ. ಅವಳಿಗೆ ಜಾಕೆಟ್ ಹುಡುಕೋಕೆ ಹೋದ್ರೆ ಗಂಡಸರದ್ದರಲ್ಲೇ ಚಿಕ್ಕದೊಂದನ್ನ ತೆಗೆದು, ಗುಲಾಬಿ ಪಟ್ಟಿ ಹಚ್ಚಿ ಕೊಟ್ಟ ಹಾಗಿತ್ತು. ಭುಜಕ್ಕೆ ದೊಡ್ಡದು, ಸೊಂಟಕ್ಕೆ ಬಿಗಿ. "ಭುಜದ ಆರ್ಮರ್ ನನ್ನ ತೋಳಲ್ಲಿದೆ ಕಣೋ" ಅಂದಳು. ಮೂರು ಅಂಗಡಿ ಆದ ಮೇಲೆ ಸುಸ್ತಾಗಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು ಮನೆಗೆ ಬಂದ್ವಿ.

ಏಪ್ರಿಲ್‌ನಲ್ಲಿ ನಲವತ್ತು ಡಿಗ್ರಿ ದಾಟೋ ಊರಲ್ಲಿ ಬಿಗಿ ಜಾಕೆಟ್ ಹಾಕಿ ಅಂತ ಹೇಳೋದು ಸುಲಭ ಅಲ್ಲ, ಒಪ್ತೀನಿ. ತಲೆಗೆ ಟವೆಲ್ ಸುತ್ತಿ ಕಂಪ್ಲಿಯಿಂದ ಹೊಸಪೇಟೆಗೆ ದಿನಾ ಬರೋರ ಮುಂದೆ ನನ್ನ ವೇಷ ನೋಡಿ ನನಗೇ ನಗು ಬರುತ್ತೆ. ಮೆಶ್ ಜಾಕೆಟ್, ಒಳಗೆ ಒದ್ದೆ ಬನಿಯನ್ನು. ಇಷ್ಟರಲ್ಲಿ ಒಂದು ತಾಸು ಹೇಗೋ ತಳ್ಳಬಹುದು. ಆದ್ರೆ ಸೆಖೆಗೆ ಅಂತ ಸಡಿಲ ತಗೊಂಡ್ರೆ ಪೂರ್ತಿ ಸೆಖೆಯೂ ಉಂಟು, ಅರ್ಧ ರಕ್ಷಣೆಯೂ ಇಲ್ಲ.

ಕೈ ಸರಿಯಾದ ಮೇಲೆ ಜಾಕೆಟ್ ಹಿಡಿದು ಊರಿನ ಟೈಲರ್ ಹತ್ತಿರ ಹೋದೆ. ವಯಸ್ಸಾದವರು, ನನ್ನ ಮುಂದಿನ ವರ್ಷದ ಯೂನಿಫಾರ್ಮುಗಳನ್ನೆಲ್ಲ ಹೊಲಿದವರು. ತೋಳು ಸಣ್ಣ ಮಾಡಿ ಅಂದೆ. ಅವರು ಜಾಕೆಟ್ ತಿರುವಿ ಮುರುವಿ ನೋಡಿ, "ತಮ್ಮಾ, ಇದನ್ನ ಹಾಕ್ಕೊಂಡು ಗಾಡಿ ಮ್ಯಾಲೆ ಕುಂದ್ರು ಒಂದ್ಸಲ" ಅಂದ್ರು. ಅಂಗಡಿ ಮುಂದೆ ಕೂತು ಹ್ಯಾಂಡಲ್ ಹಿಡಿದೆ. ಮೊಣಕೈ ಮುಟ್ಟಿ ನೋಡಿ ಚಾಕ್‌ಪೀಸಿನಲ್ಲಿ ಗುರುತು ಹಾಕಿದ್ರು. ಹೊರಗಿನ ಹೊಲಿಗೆ ಮುಟ್ಟಬೇಡಿ, ಬಿದ್ದಾಗ ಅದೇ ಬಿಚ್ಚಿಕೊಳ್ಳೋದು ಅಂತ ಹೇಳೋಕೆ ಬಾಯಿ ತೆರೆದೆ. ಅಷ್ಟರಲ್ಲಿ ಅವರೇ, "ಮ್ಯಾಲಿನ ಬಟ್ಟೆ ಬ್ಯಾಡ, ಒಳಗಿನ ಜೇಬು ಅಷ್ಟೇ ಸರಸ್ತೀನಿ" ಅಂದ್ರು. ಆರ್ಮರ್ ಕೂರೋ ಲೈನಿಂಗಿನ ಜೇಬನ್ನ ಎರಡಿಂಚು ಮೇಲಕ್ಕೆ ಹೊಲಿದು, ಮೊಣಕೈಯ ಮೇಲೊಂದು ಕೆಳಗೊಂದು ಎಲಾಸ್ಟಿಕ್ ಪಟ್ಟಿ ಕೊಟ್ಟರು. ಈಗ ಹಿಡಿದು ತಿರುಗಿಸಿದ್ರೆ ಒಂಚೂರು ಅಲ್ಲಾಡುತ್ತೆ, ಜಾಗ ಬಿಡಲ್ಲ. ಎಲ್ ಸೈಜು ಎಂ ಆಗಿಲ್ಲ, ಆಗೋದೂ ಇಲ್ಲ. ಮುಂದಿನ ಜಾಕೆಟ್ ಎಂ.

ಆ ಉತ್ಸಾಹದಲ್ಲಿ ಅಪ್ಪನ ತಲೆಗೂ ಟೇಪ್ ಹಿಡಿದೆ. 56 ಸೆಂಟಿಮೀಟರ್. ಅವರ ಹೆಲ್ಮೆಟ್ ಮೇಲೆ ಬರೆದಿದ್ದು 60. "ಸಲೀಸಾಗಿ ಹೋಗ್ತದಲ್ಲೋ, ಅದಕ್ಕೇ ತಗೊಂಡಿದ್ದು" ಅಂದ್ರು. ಹೊಸದು ತಂದ್ವಿ. ಕೆನ್ನೆ ಒತ್ತಿ ಬೋಂಡಾ ಮುಖ ಬಂತು, ಅಮ್ಮ ನಕ್ಕಳು, ನನಗೆ ಸಮಾಧಾನ. ಮರುದಿನ ಬೆಳಿಗ್ಗೆ ಹಾಲು ತರೋಕೆ ಹೊರಟವರು ಬಾಗಿಲಲ್ಲೇ ನಿಂತಿದ್ರು, ಒಂದು ಕೈಯಲ್ಲಿ ಕನ್ನಡಕ, ತಲೆಯಲ್ಲಿ ಹೆಲ್ಮೆಟ್. ಕನ್ನಡಕದ ಕಡ್ಡಿ ಒಳಗೆ ಹೋಗ್ತಿಲ್ಲ. ಭಾನುವಾರ ಕನ್ನಡಕ ಹಾಕಿಸಿಕೊಂಡೇ ಮತ್ತೆ ಅಂಗಡಿಗೆ ಕರಕೊಂಡು ಹೋಗಬೇಕು.