ಮೂರು ಚೌಕದ ಫಜೀತಿ

ಪದಬಂಧ ಬಿಡಿಸುವವರಿಗೆ ‘ತೊಂದರೆ’ ಎಂಬ ಸುಳಿವು ಹಳೆಯ ನೆಂಟ. ಮೂರು ಚೌಕವಿದ್ದರೆ ಇಕ್ಕಟ್ಟು, ನಾಲ್ಕಿದ್ದರೆ ಪೀಕಲಾಟ ಇಲ್ಲವೇ ತಾಪತ್ರಯ, ಐದಿದ್ದರೆ ಧರ್ಮಸಂಕಟ. ಒತ್ತು, ಗುಣಿತ ಎಲ್ಲ ಸೇರಿ ಒಂದಕ್ಷರಕ್ಕೆ ಒಂದೇ ಮನೆ, ಲೆಕ್ಕ ಸಲೀಸು. ಆದರೆ ಈ ಪಟ್ಟಿಯನ್ನು ಗಡಿಭಾಗದ ಊರು ತೆಲಸಂಗದ ಕಟ್ಟೆಯ ಮೇಲೆ ಓದಿ ಹೇಳಿದರೆ ಯಾರಿಗೂ ಏನೂ ಆದಂತೆ ಕೇಳಿಸದು. ಅಲ್ಲಿ ಮನುಷ್ಯ ಸಿಗಬೀಳ್ತಾನ, ಪೇಚಿಗೆ ಬೀಳ್ತಾನ, ‘ಫಜೀತಿ ಆತಲ್ಲೋ’ ಅಂತಾನ. ಕನ್ನಡಿಗನ ತೊಂದರೆಗೆ ಜೀವ ಕೊಡುವುದು ಕ್ರಿಯಾಪದ. ಪದಬಂಧ ಹೆಸರನ್ನಷ್ಟೇ ಇಟ್ಟುಕೊಂಡು ಅದನ್ನು ಕೈಬಿಟ್ಟಿದೆ, ಹಾಡು ಕೈಬಿಟ್ಟಿಲ್ಲ.

ಸಿಕ್ಕು ಎಂದರೆ ಕೂದಲಿನ, ನೂಲಿನ ಗೋಜಲು. ಸಿಕ್ಕುವುದು ಅದರೊಳಗೆ ಬೀಳುವುದು. ಪಾರಸಿಯಿಂದ ಬಂದ ಪೇಚು ಕೂಡ ಸುರುಳಿಯೇ, ತಿರುಚೇ. ಅರಬ್ಬಿ ಮೂಲದ ಫಜೀತಿಗೆ ತವರಿನಲ್ಲಿ ಮಾನಹಾನಿಯೆಂಬ ಅರ್ಥ. ಮರಾಠಿಯಲ್ಲೂ ಅದು ಇರುವುದರಿಂದ ಗಡಿಯಾಚೆ ಜತ್ತದಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಇನ್ನು ಹಾಡಿಗೆ ಬಂದರೆ, ಕುಲಗೋಡ ತಮ್ಮಣ್ಣ ರಂಗಕ್ಕೆ ಹೊಂದಿಸಿದ, ಕೌಜಲಗಿ ನಿಂಗಮ್ಮ ಹಾಡಿ ಮೆರೆಸಿದ ಶ್ರೀಕೃಷ್ಣ ಪಾರಿಜಾತವೆಂಬ ಆಟವಿದೆ. ಒಂದು ಹೂವು, ಇಬ್ಬರು ಹೆಂಡಿರು. ರುಕ್ಮಿಣಿಯ ಮುಡಿಗೇರಿದರೆ ಭಾಮೆ ಮುನಿಯುತ್ತಾಳೆ. ಪದಬಂಧ ಇದನ್ನು ‘ಉಭಯಸಂಕಟ’ ಎಂದು ಆರು ಮನೆಯಲ್ಲಿ ಮುಗಿಸೀತು. ಆಟಕ್ಕೆ ಇಡೀ ರಾತ್ರಿಯೂ ಸಾಲದು, ಏಕೆಂದರೆ ಕೃಷ್ಣ ಸಿಕ್ಕಿಬೀಳುವುದನ್ನೂ ಬಿಡಿಸಿಕೊಳ್ಳುವುದನ್ನೂ ಜನ ಕಣ್ಣಾರೆ ನೋಡಬೇಕು. ಶಿಶುನಾಳ ಶರೀಫರು (1819–1889) ಕಂಡ ಮಾಳಿಗೆಯೂ ಬರಿಯ ಮಾಳಿಗೆಯಲ್ಲ, ಸೋರುವ ಮಾಳಿಗೆ. ಸಿ. ಅಶ್ವಥ್ ಆ ಹಾಡನ್ನು ನಾಡಿಗೆಲ್ಲ ಕೇಳಿಸಿದರು. ಮಣ್ಣಿನ ಮೇಲ್ಮುದ್ದೆಯ ಮನೆ ಕಂಡವರಿಗೆ ಅದಕ್ಕೆ ಟೀಕೆ ಬೇಡ.

ಪದಬಂಧದಲ್ಲೂ ಗಾದೆ ಬರುತ್ತದಲ್ಲ ಎನ್ನಬಹುದು. ಬರುತ್ತದೆ, ‘ಅತ್ತ ದರಿ ಇತ್ತ’ ಎಂದು ಕೊಟ್ಟು ‘ಪುಲಿ’ಯನ್ನು ಕೇಳುತ್ತಾರೆ. ಹಳಗನ್ನಡದ ಪಕಾರ ಹಾಗೇ ಉಳಿದಿರುವುದು ಸೊಗಸೇ, ‘ಹುಲಿ’ ಬರೆದವನಿಗೆ ಅಡ್ಡಸಾಲು ಕೂಡಿಬರದು. ಆದರೂ ಇದು ನೆನಪಿನ ಪರೀಕ್ಷೆ, ಅಲ್ಲೂ ತೆರವು ಬಿಟ್ಟದ್ದು ಹೆಸರನ್ನೇ. 1913ರಲ್ಲಿ ಆರ್ಥರ್ ವಿನ್ ನ್ಯೂಯಾರ್ಕಿನ ಪತ್ರಿಕೆಯಲ್ಲಿ ಈ ಆಟ ಶುರುಮಾಡಿದ ಮೇಲೆ ಇಂಗ್ಲಿಷಿನವರು ಇಡಿಯ ನುಡಿಗಟ್ಟುಗಳನ್ನೇ ಸಾಲಿಗೆ ಕೂರಿಸುವುದನ್ನು ಕಲಿತರು. ಅವರಲ್ಲಿ ಕಷ್ಟಕ್ಕೆ ಬಿದ್ದವನು ಉಪ್ಪಿನಕಾಯಿಯೊಳಗೆ ಇರುತ್ತಾನೆ (‘ಇನ್ ಎ ಪಿಕಲ್’). ನಾವೂ ಹಾಗೆ ಕ್ರಿಯಾಪದವನ್ನು ಸಾಲಿಗೆ ಕೂರಿಸಬಹುದಲ್ಲ? ಕನ್ನಡದ ಕ್ರಿಯಾಪದಕ್ಕೆ ರೂಪ ನೂರೆಂಟು, ಉತ್ತರ ಒಂದೇ ಆಗುವುದು ಹೇಗೆ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಆದರೆ ಕಾಲ, ಲಿಂಗ, ವಚನ ಮೂರನ್ನೂ ಸುಳಿವೇ ಕಟ್ಟಿಹಾಕಬಲ್ಲದು. ಅಡಕತ್ತರಿಯ ನಡುವೆ ಅಡಿಕೆಗೆ ಏನಾಯಿತು? ಮೂರು ಚೌಕ, ಕೊನೆಯಲ್ಲಿ ‘ತು’.