ದತ್ತಾಂಶ ಕೇಂದ್ರಗಳಲ್ಲಿ ಸಾಂದ್ರ ರ‍್ಯಾಕುಗಳ ಯೋಜನೆ: ಒಂದು ಗ್ರಂಥದ ವಿಮರ್ಶೆ

ಲೂಯಿಸ್ ಆಂಡ್ರೆ ಬರೋಸೊ ಮತ್ತು ಉರ್ಸ್ ಹೋಲ್ಜ್ಲೆ ಅವರ 'ದಿ ಡೇಟಾಸೆಂಟರ್ ಆಸ್ ಎ ಕಂಪ್ಯೂಟರ್' ಎಂಬ ಗ್ರಂಥವು ಮೊದಲು ಬೆಳಕು ಕಂಡುದು 2009ರಲ್ಲಿ. 2013ರ ಆವೃತ್ತಿಗೆ ಜಿಮ್ಮಿ ಕ್ಲಿಡರಾಸ್ ಅವರೂ 2018ರ ಆವೃತ್ತಿಗೆ ಪಾರ್ಥಸಾರಥಿ ರಂಗನಾಥನ್ ಅವರೂ ಕೈಗೂಡಿಸಿದರು. ಗ್ರಂಥಕರ್ತರು ಗೂಗಲ್ ಸಂಸ್ಥೆಯಲ್ಲಿದ್ದು ತಾವು ಬರೆದ ಭವನಗಳನ್ನು ಒಳಗಿನಿಂದ ಬಲ್ಲವರು. ಬರೋಸೊ ಅವರು 2023ರಲ್ಲಿ ನಿಧನರಾದುದರಿಂದ ಅವರ ಕೈಯ ಪರಿಷ್ಕರಣವು ಇನ್ನು ದೊರೆಯಲಾರದು. ಇತಿಹಾಸದ ಅಭ್ಯಾಸಿಗಳಾದ ನಾವು ಇಂತಹ ಗ್ರಂಥವನ್ನು ಕೈಗೆತ್ತಿಕೊಂಡುದೇಕೆಂದು ವಾಚಕರು ಕೇಳಬಹುದು. ಕೆರೆ, ಕೋಟೆ, ಕಣಜಗಳನ್ನು ಕಟ್ಟಿದವರು ಯಾವುದನ್ನು ಲೆಕ್ಕಕ್ಕೆ ಹಿಡಿದರು, ಯಾವುದನ್ನು ಬಿಟ್ಟರು ಎಂದು ವಿಚಾರಿಸುವುದು ನಮ್ಮ ವೃತ್ತಿ. ದತ್ತಾಂಶ ಕೇಂದ್ರವೂ ಕಟ್ಟಡವೇ.

ಸರ್ವರ್ ಎಂಬ ಗಣಕಯಂತ್ರಗಳನ್ನು ಒಂದರ ಮೇಲೊಂದರಂತೆ ಜೋಡಿಸುವ ಲೋಹದ ಚೌಕಟ್ಟಿಗೆ ರ‍್ಯಾಕ್ ಎಂದು ಹೆಸರು. ಅದರ ಮುಖದ ಅಗಲ 19 ಅಂಗುಲ. ಒಂದು ಅಂಕಣದ ಎತ್ತರ ಒಂದೂಮುಕ್ಕಾಲು ಅಂಗುಲ. ಈ ಅಗಲವು ಗಣಕಯಂತ್ರಕ್ಕಿಂತ ಹಳೆಯದು. ದೂರವಾಣಿ ಕೇಂದ್ರಗಳ ಚೌಕಟ್ಟುಗಳಿಂದ ಬಂದುದು. ಹೊರಗಿನ ಅಳತೆ ಹಾಗೆಯೇ ನಿಂತು, ಒಳಗೆ ತುಂಬುವ ವಿದ್ಯುತ್ತು ಏರುತ್ತ ಹೋದುದೇ ಸಾಂದ್ರತೆಯ ಸಮಸ್ಯೆ. ರ‍್ಯಾಕು ಹೀರಿದ ವಿದ್ಯುತ್ತೆಲ್ಲವೂ ಕಟ್ಟಕಡೆಗೆ ಶಾಖವಾಗುತ್ತದೆ. ಆದುದರಿಂದ ಯೋಜಕನು ಎಷ್ಟು ವಿದ್ಯುತ್ತನ್ನು ಒಳಕ್ಕೆ ತರುವನೋ ಅಷ್ಟೇ ಶಾಖವನ್ನು ಹೊರಕ್ಕೆ ಸಾಗಿಸತಕ್ಕದ್ದು.

ಗ್ರಂಥದ ಪ್ರತಿಪಾದನೆಯು ಅದರ ಹೆಸರಿನಲ್ಲಿಯೇ ಇದೆ. ಸರ್ವರುಗಳು, ಅವುಗಳನ್ನು ಬೆಸೆಯುವ ಜಾಲ, ವಿದ್ಯುತ್ ಮಾರ್ಗ, ಶೈತ್ಯ ವ್ಯವಸ್ಥೆ ಇವೆಲ್ಲವೂ ಕೂಡಿ ಇಡೀ ಭವನವೇ ಒಂದು ಗಣಕಯಂತ್ರವೆಂದು ಭಾವಿಸಿ ಯೋಜಿಸಬೇಕೆಂಬುದು ಆ ಪ್ರತಿಪಾದನೆ. ಇದು ಬಹು ಫಲವತ್ತಾದ ದೃಷ್ಟಿ. ವಿದ್ಯುತ್ ಹಂಚಿಕೆಯ ವಿಚಾರದಲ್ಲಿ ಇದರ ಬೆಲೆ ಎದ್ದು ಕಾಣುತ್ತದೆ. ಪ್ರತಿ ಯಂತ್ರವು ವಾಸ್ತವವಾಗಿ ಸೆಳೆಯಬಲ್ಲ ಗರಿಷ್ಠ ವಿದ್ಯುತ್ತನ್ನು ಕೂಡುತ್ತ ಹೋದರೆ ದೊರೆಯುವ ಮೊತ್ತವನ್ನು ಕೇಂದ್ರವು ಎಂದೂ ಮುಟ್ಟುವುದಿಲ್ಲ; ಏಕೆಂದರೆ ಎಲ್ಲ ಯಂತ್ರಗಳೂ ಒಂದೇ ಗಳಿಗೆಯಲ್ಲಿ ಪೂರ್ಣಶಕ್ತಿಯಿಂದ ದುಡಿಯುವುದಿಲ್ಲ. ಬರೋಸೊ ಅವರು ಸಹೋದ್ಯೋಗಿಗಳೊಡನೆ 2007ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಸಾವಿರಾರು ಯಂತ್ರಗಳ ಗುಂಪಿನಲ್ಲಿ ಈ ಅಂತರವು ಶೇಕಡಾ 7ರಿಂದ 16; ಇಡೀ ಕೇಂದ್ರದಲ್ಲಿ ಹೆಚ್ಚುಕಡಿಮೆ 40. ಇದನ್ನರಿಯದವನು ಹಣ ತೆತ್ತ ಸಾಮರ್ಥ್ಯವನ್ನು ಬಳಸದೆ ಕೊಳೆಹಾಕುತ್ತಾನೆ. ಆದರೂ ಒಂದು ಎಚ್ಚರಿಕೆ ಅಗತ್ಯ. ಕೃತಕ ಬುದ್ಧಿಮತ್ತೆಯ ಮಾದರಿಗಳನ್ನು ತರಬೇತುಗೊಳಿಸುವ ಕೇಂದ್ರಗಳಲ್ಲಿ ಸಾವಿರಾರು ಯಂತ್ರಗಳು ಒಂದೇ ತಾಳಕ್ಕೆ ಏರಿ ಇಳಿಯುತ್ತವೆ. ಬಗೆಬಗೆಯ ಕೆಲಸಗಳ ಸರಾಸರಿಯಿಂದ ಹುಟ್ಟಿದ 2007ರ ಅಂಕಿಗಳನ್ನು ಅಲ್ಲಿಗೆ ಹಾಗೆಯೇ ಒಯ್ಯಲಾಗದು.

ನಮ್ಮ ಮೊದಲ ಆಕ್ಷೇಪವು ಪೂರ್ವೇತಿಹಾಸಕ್ಕೆ ಸಂಬಂಧಿಸಿದುದು. ಗ್ರಂಥದಲ್ಲಿ ಅದಕ್ಕೆ ದೊರೆತ ಸ್ಥಳ ಬಹು ಸ್ವಲ್ಪ. ಮೊದಲ ಆವೃತ್ತಿಯನ್ನು ಓದಿದವರಿಗೆ, ಎತ್ತರಿಸಿದ ನೆಲದ ಕೆಳಗಿನಿಂದ ತಂಗಾಳಿಯನ್ನು ಊದುವುದೇ ಸಹಜ ಸ್ಥಿತಿಯೆಂದೂ, ಮಿಕ್ಕವೆಲ್ಲ ವಿಶೇಷ ಪ್ರಯೋಗಗಳೆಂದೂ ತೋರುವುದು. 2018ರ ಆವೃತ್ತಿಯಲ್ಲಿ ದ್ರವದಿಂದ ತಣಿಸುವ ಮಾತು ಬಂದಾಗಲೂ ಅದು ಹೊಸದಾಗಿ ಬಂದ ಅತಿಥಿಯಂತಿದೆ. ವಾಸ್ತವವಾಗಿ ಆ ಅತಿಥಿ ಹಳೆಯ ಒಕ್ಕಲು. 1946ರಲ್ಲಿ ಫಿಲಡೆಲ್ಫಿಯಾದಲ್ಲಿ ಲೋಕಾರ್ಪಣಗೊಂಡ ಎನಿಯಾಕ್ ಯಂತ್ರವು ಸುಮಾರು 18,000 ನಿರ್ವಾತ ಕೊಳವೆಗಳಿಂದ ಒಂದು ದೊಡ್ಡ ಕೋಣೆಯನ್ನೇ ತುಂಬಿ ಸುಮಾರು 150 ಕಿಲೋವ್ಯಾಟ್ ಸೆಳೆಯುತ್ತಿತ್ತು. ಗಾಳಿಯೇ ಅದನ್ನು ತಣಿಸಿತು. 1960ರ ದಶಕದಲ್ಲಿ ಐಬಿಎಂ ತನ್ನ ಸಿಸ್ಟಂ 360 ಮಾಲೆಯ 91ನೆಯ ಮಾದರಿಗೆ ನೀರನ್ನು ಹರಿಸಿತು. 1976ರಲ್ಲಿ ಲಾಸ್ ಅಲಮೋಸ್ ಸೇರಿದ ಕ್ರೇ-1 ಯಂತ್ರವು ಸುಮಾರು 115 ಕಿಲೋವ್ಯಾಟಿನ ಶಾಖವನ್ನು ಫ್ರಿಯಾನ್ ದ್ರವಕ್ಕೆ ಒಪ್ಪಿಸಿತು. 1990ರ ದಶಕದಲ್ಲಿ ಕಡಿಮೆ ವಿದ್ಯುತ್ತಿನ ಚಿಪ್ಪುಗಳು ಬಂದ ಮೇಲೆ ಮಾತ್ರ ದೊಡ್ಡ ಯಂತ್ರಗಳೂ ಗಾಳಿಗೆ ಮರಳಿದುವು. 2024ರಲ್ಲಿ ಎನ್‌ವಿಡಿಯಾ ಸಂಸ್ಥೆಯು ಸಾರಿದ ಎನ್‌ವಿಎಲ್72 ಎಂಬ ರ‍್ಯಾಕು ಒಂದೇ ಸುಮಾರು 120 ಕಿಲೋವ್ಯಾಟ್ ಬೇಡುತ್ತದೆ; ಎಂದರೆ ಕ್ರೇ-1ರ ಶಾಖವು ಒಂದು ಬೀರುವಿನಷ್ಟು ಜಾಗದಲ್ಲಿ ಬಂದು ಕುಳಿತಿದೆ. ಗಾಳಿಯ ಯುಗವು ಎರಡು ದ್ರವಯುಗಗಳ ನಡುವಣ ಒಂದು ವಿರಾಮವಾಗಿತ್ತೆಂದು ನಮಗೆ ತೋರುತ್ತದೆ.

ಇದು ಬರಿಯ ಪಾಂಡಿತ್ಯದ ತಕರಾರಲ್ಲ. ಅಷ್ಟು ಶಾಖವನ್ನು ಗಾಳಿಯಿಂದಲೇ ಒಯ್ಯಬೇಕಾದರೆ, ಗಾಳಿಯು 12 ಡಿಗ್ರಿ ಸೆಲ್ಸಿಯಸ್ ಕಾಯುವುದೆಂದು ಇಟ್ಟುಕೊಂಡರೂ, ಸೆಕೆಂಡಿಗೆ ಸುಮಾರು 8 ಘನಮೀಟರ್ ಗಾಳಿ ಬೇಕು. 60 ಸೆಂಟಿಮೀಟರ್ ಅಗಲ, 2 ಮೀಟರ್ ಎತ್ತರದ ಮುಖದ ಮೂಲಕ ಅದು ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ನುಗ್ಗಬೇಕಾಗುವುದು. ಸಮಗಾತ್ರದ ನೀರು ಗಾಳಿಗಿಂತ ಸುಮಾರು 3,500 ಪಟ್ಟು ಶಾಖವನ್ನು ಹೊರುತ್ತದೆ. ಸರ್ವರುಗಳು ಕೆಲವೇ ವರ್ಷಗಳಲ್ಲಿ ಬದಲಾಗುತ್ತವೆ. ಭವನವಾದರೋ ಹತ್ತು ಹದಿನೈದು ವರ್ಷಗಳ ಲೆಕ್ಕದಲ್ಲಿ ಕಟ್ಟಿದುದು. ಗಾಳಿಯನ್ನೇ ನಂಬಿ ಕಟ್ಟಿದ ಭವನಕ್ಕೆ ಇಂತಹ ರ‍್ಯಾಕು ಬಂದಾಗ ಕೊಳವೆಗೆ ದಾರಿಯಿರುವುದಿಲ್ಲ. ಸುಮಾರು 1,360 ಕಿಲೋಗ್ರಾಂ ತೂಕದ ಅದನ್ನು ನೆಲವು ಹೊರುವುದೇ ಎಂದು ಮೊದಲು ವಿಚಾರಿಸಬೇಕಾಗುವುದು. ಹಿಂದಿನದನ್ನು ಬಲ್ಲ ಯೋಜಕನು ಕೊಳವೆಗೆ ಮೊದಲೇ ಎಡೆ ಬಿಟ್ಟಿರುತ್ತಿದ್ದನು.

ಎರಡನೆಯ ಆಕ್ಷೇಪವು ಹೆಚ್ಚು ಗುರುತರವಾದುದು. ಗ್ರಂಥದ ಶಕ್ತಿವಿಚಾರಕ್ಕೆ ಮಾನದಂಡವಾಗಿರುವುದು ಗ್ರೀನ್ ಗ್ರಿಡ್ ಎಂಬ ಉದ್ಯಮ ಸಂಘವು 2007ರಲ್ಲಿ ಪ್ರಚಾರಕ್ಕೆ ತಂದ ಪಿಯುಇ ಎಂಬ ಪ್ರಮಾಣ. ಕೇಂದ್ರವು ಸೆಳೆದ ಒಟ್ಟು ವಿದ್ಯುತ್ತನ್ನು ಗಣಕಸಾಮಗ್ರಿಗೆ ಸಂದ ವಿದ್ಯುತ್ತಿನಿಂದ ಭಾಗಿಸಿದರೆ ಅದು ದೊರೆಯುವುದು. 1ಕ್ಕೆ ಹತ್ತಿರವಾದಷ್ಟೂ ಮೇಲು. ಗೂಗಲ್ ತನ್ನ ಕೇಂದ್ರಗಳ ಸರಾಸರಿಯನ್ನು ಸುಮಾರು 1.1ಕ್ಕೆ ಇಳಿಸಿದೆ. ಸಾಧನೆಯೇ ಸರಿ. ಆದರೆ ಸರ್ವರಿನ ಒಳಗಿನ ಬೀಸಣಿಗೆ ತಿನ್ನುವ ವಿದ್ಯುತ್ತನ್ನು ಈ ಪ್ರಮಾಣವು ಗಣಕಸಾಮಗ್ರಿಯ ಖಾತೆಗೇ ಹಾಕುತ್ತದೆ. ಗ್ರಂಥಕರ್ತರು ಈ ದೋಷವನ್ನು ತಾವೇ ಕಂಡು ಸರ್ವರಿಗೆ ಪ್ರತ್ಯೇಕವಾದ ಇನ್ನೊಂದು ಪ್ರಮಾಣವನ್ನು ಸೂಚಿಸಿರುವುದು ಅವರ ಪ್ರಾಮಾಣಿಕತೆಗೆ ಸಾಕ್ಷಿ. ಅದೇ ನಿಷ್ಠುರತೆಯನ್ನು ಅವರು ನೀರಿನ ವಿಚಾರದಲ್ಲಿ ತೋರಲಿಲ್ಲ. ವಿದ್ಯುತ್ತಿಗೆ ಒಂದು ಅಧ್ಯಾಯವೇ ಉಂಟು, ನೀರಿಗೆ ಇಲ್ಲ.

ರ‍್ಯಾಕಿನ ಕೊಳವೆಯಲ್ಲಿ ಸುತ್ತುವ ನೀರು ಖರ್ಚಾಗುವುದಿಲ್ಲ. ಅದು ಶಾಖವನ್ನು ಭವನದ ಹೊರಕ್ಕೆ ಮುಟ್ಟಿಸಿ ಮರಳುತ್ತದೆ. ಹೊರಗೆ ಆ ಶಾಖವನ್ನು ಕಳೆಯುವ ದಾರಿಗಳಲ್ಲಿ ಶೈತ್ಯ ಗೋಪುರವು ಒಂದು. ಅಲ್ಲಿ ನೀರು ಆವಿಯಾಗಿ ಹೋಗುತ್ತದೆ. ಒಂದು ಕಿಲೋವ್ಯಾಟ್ ಗಂಟೆಯಷ್ಟು ಶಾಖಕ್ಕೆ ಸುಮಾರು ಒಂದೂವರೆ ಲೀಟರ್ ಎಂದು ಭೌತಶಾಸ್ತ್ರದ ಲೆಕ್ಕ. 120 ಕಿಲೋವ್ಯಾಟಿನ ರ‍್ಯಾಕಿನ ಶಾಖವನ್ನೆಲ್ಲ ಹೀಗೆಯೇ ಕಳೆದರೆ ದಿನಕ್ಕೆ 4,300 ಲೀಟರ್. ಸಂಕೋಚಕ ಯಂತ್ರಗಳಿಂದ ತಣಿಸಿದರೆ ನೀರು ಉಳಿಯಬಹುದು, ಆದರೆ ವಿದ್ಯುತ್ತು ಏರಿ ಪಿಯುಇ ಕೆಡುತ್ತದೆ. ಎಂದ ಮೇಲೆ ಈ ಪ್ರಮಾಣವನ್ನೇ ಗುರಿಯಾಗಿಸಿಕೊಂಡವನನ್ನು ಅದು ಸದ್ದಿಲ್ಲದೆ ನೀರಿನ ಕಡೆಗೆ ತಳ್ಳುತ್ತದೆ. ಉಳಿಸಿದ ವಿದ್ಯುತ್ತು ಶಾಖೋತ್ಪನ್ನ ಸ್ಥಾವರದಲ್ಲಿ ನೀರನ್ನೂ ಉಳಿಸುವುದೆಂಬ ಸಮಾಧಾನ ಉಂಟು. ಆ ಸ್ಥಾವರವು ಬೇರೊಂದು ನದಿಯ ದಡದಲ್ಲಿರಬಹುದೆಂಬುದನ್ನು ಮರೆಯಬಾರದು.

ಅಮೆರಿಕದ ಓರೆಗಾನ್ ಪ್ರಾಂತ್ಯದಲ್ಲಿ, ಕೊಲಂಬಿಯಾ ನದಿಯ ದಡದ ದಿ ಡ್ಯಾಲ್ಸ್ ಎಂಬ ಸಣ್ಣ ಪಟ್ಟಣದಲ್ಲಿ ಗೂಗಲಿನ ಕೇಂದ್ರವು 2006ರಿಂದ ನಡೆಯುತ್ತಿದೆ. ಅದಕ್ಕೆ ಸಂದ ನೀರಿನ ಅಂಕಿಗಳನ್ನು 'ದಿ ಓರೆಗೋನಿಯನ್' ಪತ್ರಿಕೆ ಕೇಳಿದಾಗ, ವ್ಯಾಪಾರದ ಗುಟ್ಟೆಂದು ಹೇಳಿ ಪಟ್ಟಣದ ಆಡಳಿತವು 2021ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು. 2022ರ ಡಿಸೆಂಬರಿನಲ್ಲಿ ರಾಜಿಯಾಗಿ ಅಂಕಿಗಳು ಹೊರಬಿದ್ದುವು: ಪಟ್ಟಣ ಬಳಸುವ ನೀರಿನಲ್ಲಿ ಕಾಲುಭಾಗಕ್ಕೂ ಮಿಕ್ಕು ಆ ಕೇಂದ್ರಕ್ಕೇ ಸಲ್ಲುತ್ತಿತ್ತು. ಭವನವೇ ಗಣಕಯಂತ್ರವೆಂದು ಗ್ರಂಥಕರ್ತರು ಎಳೆದ ಗೆರೆಯು ಭವನದ ಗೋಡೆಗೆ ನಿಂತುಬಿಟ್ಟಿತು. ಪಟ್ಟಣದ ಜಲಾಶಯವು ಗೆರೆಯ ಆಚೆ ಉಳಿಯಿತು.

2024ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿ ಕುಡಿಯುವ ನೀರಿಗೆ ಪರದಾಡಿದ ಬೆಂಗಳೂರಿನಲ್ಲಿಯೂ ಇಂತಹ ಕೇಂದ್ರಗಳುಂಟು. ಮುಂದಿನ ಆವೃತ್ತಿಯೊಂದು ಬರುವುದಾದರೆ, ರ‍್ಯಾಕಿಗೆ ಎಷ್ಟು ಕಿಲೋವ್ಯಾಟ್ ಎಂಬ ಅಂಕಣದ ಪಕ್ಕದಲ್ಲಿ ಎಷ್ಟು ಲೀಟರ್, ಯಾವ ತಿಂಗಳು, ಯಾವ ನದಿಯಿಂದ ಅಥವಾ ಕೊಳವೆಬಾವಿಯಿಂದ ಎಂಬ ಮೂರು ಅಂಕಣಗಳನ್ನು ಸಂಪಾದಕರು ಸೇರಿಸಲೆಂದು ಕೋರುತ್ತೇವೆ.